ಹಳ್ಳದಾಚೆಗೆ ಹೊತ್ತ ಮಾತು

ಬೆಳಕು ಹರಿಯುವ ಮೊದಲು ಮಾಲೆಮ್ನಾ ಮುಗಿಸಬೇಕಾದ ಕೆಲಸಗಳು ಇವು. ಛತ್ರದಲ್ಲಿ ಯಾರಿಗೂ ಎಚ್ಚರವಾಗುವ ಮುನ್ನ ಎದ್ದು ಕಕ್ಕಸಿನ ಸಾಲಿನಲ್ಲಿ ತನ್ನ ಬಕೆಟ್ಟು ಇಟ್ಟು ಬರುವುದು. ನಲ್ಲಿ ನಿಲ್ಲುವುದರೊಳಗೆ ನೀರು ಹಿಡಿದು, ಬಟ್ಟೆಯಲ್ಲಿ ಸೋಸಿ, ಉಳಿದ ಬೂದಿ ತಳಕ್ಕಿಳಿಯಲೆಂದು ಮುಚ್ಚಿಡುವುದು. ಟಾರ್ಪಾಲಿನ ಮೇಲೆ ಕೂತ ಬೂದಿಯನ್ನು ಒಳಗೆ ಮಲಗಿದವರ ಮುಖದ ಮೇಲೆ ಬೀಳದಂತೆ ಹೊರಕ್ಕೆ ಜಾಡಿಸುವುದು. ಒಲೆ ಬೇರೆಯವರ ಪಾಲಾಗುವ ಮೊದಲು ಅನ್ನ ಬೇಯಿಸಿ, ಒಣಮೀನು ಹುರಿದು, ಬಾಳೆಲೆಯಲ್ಲಿ ಬುತ್ತಿ ಕಟ್ಟುವುದು. ಹಲ್ಲು ಸಡಿಲವಾದ ಮಾವನಿಗೆ ಅಡಿಕೆ ಕುಟ್ಟಿ, ಎಲೆ ಸುಣ್ಣದ ಜೊತೆ ಕಂಬದ ಬುಡದಲ್ಲಿಡುವುದು, ಕೈಗೆ ಕೊಡುವಂತಿಲ್ಲ. ಗಂಡ ಸಾಂಗಪ್ ಎದ್ದ ಕೂಡಲೇ ಕುಡಿಯಲು ಬಿಸಿನೀರನ್ನು ಫ್ಲಾಸ್ಕಿಗೆ ತುಂಬುವುದು. ಹಿಂದಿನ ದಿನದ ಬಟ್ಟೆಯನ್ನು ಒಗೆಯುವ ಮೊದಲು ಕೊಡವುವುದು. ಕೊಡವದೆ ನೀರಿಗದ್ದಿದರೆ ಬೂದಿ ಗಾರೆಯಾಗಿ ನೂಲನ್ನೇ ತಿನ್ನುತ್ತದೆ. ಇಷ್ಟೆಲ್ಲ ಆದ ಮೇಲೆ ಕೊನೆಯದೊಂದು ಉಳಿಯುತ್ತಿತ್ತು, ಮಗಳು ಉಲಿನಾಳನ್ನು ಎಬ್ಬಿಸುವುದು. ಆ ಒಂದನ್ನು ಮಾತ್ರ ಅವಳು ಆದಷ್ಟು ತಡಮಾಡುತ್ತಿದ್ದಳು.

ಎಬ್ಬಿಸಿದರೆ ಬೆಟ್ಟ ಹತ್ತಬೇಕು. ಅವಳು, ಅವಳ ಮಾವ, ಮಧ್ಯೆ ಆ ಹುಡುಗಿ.

ಸಿನಾಬುಂಗ್ ಎಂಬ ಆ ಬೆಂಕಿಬೆಟ್ಟ ಎಷ್ಟು ತಲೆಮಾರು ಮಲಗಿತ್ತೆಂದರೆ, ಕಾರೋ ಸೀಮೆಯ ಅಜ್ಜ ಅಜ್ಜಿಯರಿಗೂ ಅದು ಎಲೆಕೋಸು ಬೆಳೆಯುವ ಇಳಿಜಾರು ಮಾತ್ರವಾಗಿತ್ತು. ಅದು ಬೂದಿ ಉಗುಳುತ್ತ ಎದ್ದು ಕೂತ ದಿನ ಹಳ್ಳಿಯವರೆಲ್ಲ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಓಡಿದರು. ಮಾಲೆಮ್ನಾ ಒಂದು ಕೈಯಲ್ಲಿ ಅನ್ನದ ಪಾತ್ರೆ, ಸೊಂಟದ ಮೇಲೆ ಮಗಳು, ಬೆನ್ನ ಮೇಲೆ ಅತ್ತೆಯ ಹಾಸಿಗೆ ಹೊತ್ತಿದ್ದಳು. ಸಾಂಗಪ್ ಹೊತ್ತದ್ದು ಕಾಫಿ ಅಂಗಡಿಯ ಚದುರಂಗದ ಹಲಗೆ. "ಎಲ್ಲ ಕಾಯಿಗಳನ್ನೂ ತಂದಿದ್ದಾನೆ ಕಣ್ರೇ, ಒಂದು ಕಾಲಾಳೂ ಕಳೆದಿಲ್ಲ," ಎಂದು ಛತ್ರದ ಹೆಂಗಸರು ಬಹಳ ಕಾಲ ಹೇಳಿಕೊಂಡು ನಕ್ಕರು. ನಗಲು ಬೇರೇನೂ ಇರಲಿಲ್ಲ. ಹಸಿರೆಲ್ಲ ಒಂದೇ ಬಣ್ಣಕ್ಕೆ ತಿರುಗಿತ್ತು. ಹುಲ್ಲಿನ ಜೊತೆ ಬೂದಿ ತಿಂದ ಎಮ್ಮೆಗಳು ಹೊಟ್ಟೆ ಕಲ್ಲಾಗಿ ಬಿದ್ದವು. ಮನೆಗಳ ತಗಡಿನ ಚಾವಣಿ ತೂತು ತೂತಾಯಿತು. ಮಳೆ ಬಂದರೆ ಬೆಟ್ಟದ ಕೆಸರು ಬಂಡೆಗಳನ್ನು ಉರುಳಿಸಿಕೊಂಡು ಹೊಲಗಳ ಮೇಲೆ ಹರಿಯಿತು.

ಛತ್ರವೆಂದರೆ ಮದುವೆಗೂ ಸಾವಿಗೂ ಊರು ಸೇರುವ, ಗೋಡೆಯಿಲ್ಲದ ದೊಡ್ಡ ಸೂರು. ಕೆಲವು ದಿನ ಎಂದು ಬಂದವರು ಅಲ್ಲೇ ವರ್ಷಗಳನ್ನು ಕಳೆದರು. ಬಂದ ವರ್ಷವೇ ಅತ್ತೆ ಕೆಮ್ಮಿ ಕೆಮ್ಮಿ ಸತ್ತಳು. ಅವಳ ಕಫದಲ್ಲಿ ಬರುತ್ತಿದ್ದ ಬೂದಿಯನ್ನು ಬಟ್ಟಲಲ್ಲಿ ಹಿಡಿದವಳು, ಬಟ್ಟಲು ತೊಳೆದವಳು ಮಾಲೆಮ್ನಾ. ಅತ್ತೆಯ ಜೊತೆ ಆ ಮನೆಯ ಬಾಯಿಯೂ ಹೋಯಿತು.

ಯಾಕೆಂದರೆ ಮಾವ ಸೊಸೆ ಒಬ್ಬರಿಗೊಬ್ಬರು ಮಾತಾಡುವಂತಿಲ್ಲ. ರೆಬು ಎಂದರೆ ಅದೇ. ಒಂದೇ ಹಲಗೆಯ ಮೇಲೆ ಕೂರುವಂತಿಲ್ಲ, ಕೈಯಿಂದ ಕೈಗೆ ಏನನ್ನೂ ಕೊಡುವಂತಿಲ್ಲ, ಮೂರನೆಯವರಿಲ್ಲದೆ ಇಬ್ಬರೇ ಒಂದೆಡೆ ಇರುವಂತಿಲ್ಲ. ಅದು ಗೌರವ. ಮದುವೆಯಾದಾಗಿನಿಂದ ಮಾವ ತೆರ್ಕೆಲಿನ್‌ಗೆ ಹೇಳಬೇಕಾದದ್ದನ್ನೆಲ್ಲ ಅವಳು ಅತ್ತೆಗೆ ಹೇಳಿದ್ದಳು, ಅತ್ತೆ ಗಂಡನಿಗೆ ಹೇಳಿದ್ದಳು. ಅತ್ತೆಯದು ಒಳ್ಳೆಯ ಬಾಯಿ. ಸೊಸೆ "ಇವರಿಗೆ ಕಣ್ಣು ಕಾಣಲ್ವಾ" ಎಂದರೆ ಆಕೆ "ಸೊಸೆ ನಿಮ್ಮ ಕಣ್ಣಿನ ಚಿಂತೆ ಮಾಡ್ತಿದ್ದಾಳೆ" ಎಂದು ದಾಟಿಸುತ್ತಿದ್ದಳು. ಬಿಸಿ ಪಾತ್ರೆಯನ್ನು ಬಟ್ಟೆ ಸುತ್ತಿ ಇಳಿಸಿದ ಹಾಗೆ. ಆಕೆ ಸತ್ತ ಮೇಲೆ ಆ ಕೆಲಸವನ್ನು ಯಾರೂ ಯಾರಿಗೂ ವಹಿಸಲಿಲ್ಲ. ಅದು ತಾನಾಗಿ ಉಲಿನಾಳ ಮೇಲೆ ಬಂತು. ಆಗಿನ್ನೂ ಅವಳ ಹಾಲುಹಲ್ಲು ಬೀಳುತ್ತಿತ್ತು.

ಛತ್ರದಲ್ಲಿ ಎಲ್ಲರ ಮಾವಂದಿರೂ ಎಲ್ಲರ ಸೊಸೆಯರೂ ಮಾರು ದೂರದಲ್ಲಿ ಮಲಗುತ್ತಿದ್ದರು. ಹಗ್ಗ ಕಟ್ಟಿ, ಸೀರೆಯಗಲದ ಬಟ್ಟೆ ಇಳಿಬಿಟ್ಟು, ಬಟ್ಟೆಯಾಚೆಯ ಗೊರಕೆಯನ್ನೂ ಕೇಳಿಸಿಕೊಳ್ಳದವರಂತೆ ಇರುತ್ತಿದ್ದರು. ಮಧ್ಯಸ್ಥರಿಲ್ಲದವರು ಕಂಬಕ್ಕೋ ಕಲ್ಲಿಗೋ ಹೇಳಬಹುದು. ರೆಬು ಅಷ್ಟಕ್ಕೆ ಒಪ್ಪುತ್ತದೆ. ಪಕ್ಕದ ಚಾಪೆಯ ನೊರ್ಮಾ ದಿನವೂ ಒಂದು ಹೊಸ ಕತೆ ತರುತ್ತಿದ್ದಳು.

"ನಮ್ಮ ಮಾವ ಇವತ್ತು ಕಂಬಕ್ಕೆ ಏನಂದ್ರು ಗೊತ್ತಾ? 'ಕಂಬವೇ, ಸಾರಿಗೆ ಉಪ್ಪು ಕಮ್ಮಿ ಅಂತ ಹೇಳು.' ನಾನೂ ಕಂಬಕ್ಕೇ ಅಂದೆ, 'ಕಂಬವೇ, ನೀನಾದ್ರೂ ಹೋಗಿ ಉಪ್ಪು ತರ್ತೀಯಾ? ಈ ಮನೆ ಗಂಡಸರಂತೂ ಎದ್ದು ಹೋಗಲ್ಲ.'"

"ಆಮೇಲೆ?"

"ಆಮೇಲೇನು, ಕಂಬ ಗಂಡಸೇ ಇರಬೇಕು ಕಣೇ. ಅಲ್ಲಾಡ್ಲೇ ಇಲ್ಲ."

ಮಾಲೆಮ್ನಾ ನಕ್ಕಳು. ಅವಳ ಮನೆಗೆ ಕಂಬ ಬೇಕಿರಲಿಲ್ಲ. ಚುರುಕಾದ ಹುಡುಗಿ ಇದ್ದಳು.

ಹತ್ತಬಾರದೆಂದು ಸರ್ಕಾರ ಕೆಂಪು ಗೆರೆ ಎಳೆದ ಜಾಗದಲ್ಲೇ ಅವರ ಹೊಲ. ಸೈನಿಕರ ಕಾವಲಿರುವ ದಾರಿ ಬಿಟ್ಟು ಬಿದಿರುಮೆಳೆಯ ಸಂದಿಯಿಂದ ಹೆಂಗಸರು ಹೋಗಿ ಬರುತ್ತಿದ್ದರು. ಬಾಕಿ ದಿನಗಳಲ್ಲಿ ಮಾಲೆಮ್ನಾ ಕೆಳಗಿನ ಊರುಗಳಲ್ಲಿ ಬೇರೆಯವರ ಹೊಲಕ್ಕೆ ಕೂಲಿ ಹೋಗುತ್ತಿದ್ದಳು. ಛತ್ರಕ್ಕೆ ಬರುತ್ತಿದ್ದ ದಾನದ ನೂಡಲ್ಸು ತಿಂದು ಮಕ್ಕಳ ಹೊಟ್ಟೆ ಕೆಟ್ಟಿತ್ತು. ಆದರೆ ಮಾವ ಬೆಟ್ಟಕ್ಕೆ ಹೋಗುತ್ತಿದ್ದುದು ಹೊಟ್ಟೆಗಾಗಿ ಅಲ್ಲ. ಹಳ್ಳದಾಚೆಯ ದಿಬ್ಬದಲ್ಲಿ ಕಾಫಿ ಗಿಡಗಳಿದ್ದವು. ಹೆಂಡತಿ ನೆಟ್ಟು, ಬೆನ್ನ ಮೇಲೆ ಮಗುವನ್ನು ಕಟ್ಟಿಕೊಂಡು ನೀರು ಹೊತ್ತು ಬೆಳೆಸಿದ ಗಿಡಗಳು. ಅವನ್ನು ಎಲ್ಲರೂ ತೆರ್ಕೆಲಿನ್‌ನ ತೋಟ ಎಂದೇ ಕರೆಯುತ್ತಿದ್ದರು. ಆಕೆ ಸತ್ತ ಮೇಲೆ ಮುದುಕನಿಗೆ ಒಂದು ಹಟ ಹತ್ತಿತ್ತು. ಎಲೆಗಳ ಮೇಲಿನ ಬೂದಿಯನ್ನು ಬಟ್ಟೆಯಿಂದ ಒಂದೊಂದಾಗಿ ಒರೆಸಬೇಕು. ಬದುಕಿದ್ದಾಗ ಆಕೆಯ ಹಣೆಯ ಬೆವರನ್ನಾದರೂ ಒರೆಸಿದ್ದನೋ ಇಲ್ಲವೋ.

ಮುದುಕನೊಬ್ಬನನ್ನೇ ಕಳಿಸುವಂತಿಲ್ಲ, ಬುಟ್ಟಿ ಹೊರಲು ಬೆನ್ನು ಬೇಕು. ಸಾಂಗಪ್‌ಗೆ ಬಿಡುವಿಲ್ಲ, ದಾನದ ಸಾಮಾನು ಹಂಚುವ ಸಮಿತಿಯಲ್ಲಿದ್ದಾನೆ, ಸಮಿತಿ ಕಾಫಿ ಅಂಗಡಿಯಲ್ಲಿ ಸೇರುತ್ತದೆ. ಹಾಗಾಗಿ ಸೊಸೆ. ಮಾವ ಸೊಸೆ ಇಬ್ಬರೇ ಹೋಗುವಂತಿಲ್ಲ. ಹಾಗಾಗಿ ಉಲಿನಾ. ಬೆಟ್ಟ ಎಷ್ಟು ಅಪಾಯ ಎಂಬುದನ್ನು ಮನೆಯಲ್ಲಿ ಯಾರೂ ಮರೆತಿರಲಿಲ್ಲ. ಆದರೂ ಹುಡುಗಿಯನ್ನು ಕರೆದುಕೊಂಡು ಹೋಗುವುದು ಅಪಾಯದ ಮಾತಾಗಿ ಯಾರಿಗೂ ಕಾಣಲಿಲ್ಲ. ಅದು ಮರ್ಯಾದೆಯ ಮಾತಾಗಿತ್ತು.

ಆ ದಿನ ಆಕಾಶ ತೊಳೆದಿಟ್ಟ ಹಾಗಿತ್ತು. ಬೆಟ್ಟದ ತುದಿಯಲ್ಲಿ ಬಿಳಿ ಹೊಗೆ, ದಿನವೂ ಇರುವಷ್ಟೇ. ಹಳ್ಳದ ಈಚೆ ಮಾಲೆಮ್ನಾ ಆಲೂಗಡ್ಡೆ ಅಗೆಯುತ್ತಿದ್ದಳು. ಆಚೆ ದಿಬ್ಬದಲ್ಲಿ ಮಾವ ಕಾಫಿ ಗಿಡಗಳ ನಡುವೆ. ಹಳ್ಳ ಒಣಗಿತ್ತು, ಇಳಿದು ಹತ್ತಲು ಹುಡುಗಿಗೆ ಹೆಚ್ಚು ಹೊತ್ತು ಬೇಕಿರಲಿಲ್ಲ. ಬೆಳಗಿನಿಂದ ಅವಳು ಹತ್ತಿಳಿದದ್ದೆಷ್ಟೋ. ಬುತ್ತಿ ಬಿಚ್ಚಲೇ ಎಂದು ಕೇಳಿ ಬಾ. ಇನ್ನೂ ಸ್ವಲ್ಪ ಹೊತ್ತು ಅಂತ ಹೇಳು. ಬುಟ್ಟಿ ತುಂಬಿತೇ ಕೇಳು. ಚೀಲ ಬೇಕಂತೆ. ಹುಡುಗಿ ರಬ್ಬರು ಚಪ್ಪಲಿ ಪಟಪಟ ಬಡಿಯುತ್ತ ಓಡುತ್ತಿದ್ದಳು.

"ಅಮ್ಮಾ, ಅಜ್ಜ ಕೇಳ್ತಾರೆ, ಕುಟ್ಟಿದ ಅಡಿಕೆ ಎಲ್ಲಿಟ್ಟೆ ಅಂತ."

"ಅವರ ಅಂಗಿ ಜೇಬಲ್ಲೇ ಇದೆ ಅಂತ ಹೇಳು."

"ನನಗೂ ಅದೇ ಅನ್ನಿಸ್ತು. ನಾನೇ ಹೇಳ್ಬಿಡಬಹುದಿತ್ತು."

"ಹೇಳ್ಬೇಕಿತ್ತು ಮತ್ತೆ."

"ನೀನು ಹೇಳಿರ್ಲಿಲ್ವಲ್ಲ," ಎಂದು ಹುಡುಗಿ ಮತ್ತೆ ಹಳ್ಳಕ್ಕಿಳಿದಳು.

ಮಧ್ಯಾಹ್ನದ ಹೊತ್ತಿಗೆ ನೆಲ ಒಳಗಿನಿಂದ ಗುರುಗುಟ್ಟಿತು. ಮಾಲೆಮ್ನಾ ಸನಿಕೆ ಬಿಟ್ಟು ನೆಟ್ಟಗಾದಳು. ತುದಿಯ ಹೊಗೆ ಕಪ್ಪಾಗಿತ್ತು. ಉಲಿನಾ ಆಗ ಅಜ್ಜನ ಕಡೆಯಿಂದ ಬಂದು ಈಚೆ ದಂಡೆ ಹತ್ತುತ್ತಿದ್ದಳು.

"ಅಜ್ಜನಿಗೆ ಹೇಳು, ಹೊರಡೋಣ ಅಂತ. ಈಗಲೇ."

ಹುಡುಗಿ ಹೋದಳು. ಮುದುಕ ಏನೋ ಹೇಳಿದ್ದು ಕಾಣಿಸಿತು. ಹುಡುಗಿ ಹಳ್ಳ ದಾಟಿ ಬಂದು ಏದುಸಿರಿನಲ್ಲಿ, "ಆ ಸಾಲೊಂದು ಮುಗಿಸಿ ಬರ್ತಾರಂತೆ. ನೀನು ಬುಟ್ಟಿ ಕಟ್ಟು ಅಂತ."

"ಸಾಲು ಬೇಡ ಅಂತ ಹೇಳು. ಬುಟ್ಟಿನೂ ಬೇಡ ಅಂತ ಹೇಳು."

ಹುಡುಗಿ ಮತ್ತೆ ಇಳಿದಳು.

ಮುಂದೆ ಬಹಳ ಸಲ ಮಾಲೆಮ್ನಾ ಆ ದೂರವನ್ನು ಮನಸ್ಸಿನಲ್ಲಿ ಅಳೆದಿದ್ದಾಳೆ. ಕೂಗಿದರೆ ಕೇಳುವ ದೂರ. ಅವಳು ಮಗಳಿಗೆ ಹೇಳಿದ ಒಂದೊಂದು ಮಾತೂ ಆಚೆ ನಿಂತ ಮುದುಕನ ಕಿವಿಗೆ ಬಿದ್ದಿತ್ತು. ಅವನು ಕತ್ತೆತ್ತಿ ನೋಡಿದ್ದನ್ನು ಅವಳೂ ನೋಡಿದ್ದಳು. ಆದರೆ ಆ ಮಾತು ಇನ್ನೂ ಅವನಿಗೆ ಬಂದಿರಲಿಲ್ಲ. ಹುಡುಗಿ ತಂದು ಕೊಟ್ಟ ಮೇಲೆ ಬರಬೇಕು. ಅವನು ಕಾದ. ಅವಳೂ ಕಾದಳು. ಕಲ್ಲಿಗಾದರೂ ಹೇಳಿ ಕೂಗಬಹುದಿತ್ತು. ಹುಡುಗಿ ಇರುವಾಗ ಕಲ್ಲಿಗೆ ಯಾಕೆ ಹೇಳಬೇಕು ಎಂಬ ರೂಢಿ ಅವಳ ನಾಲಿಗೆಯಲ್ಲಿ ಕೂತಿತ್ತು.

ಬಿಸಿಮೋಡ ತುದಿಯಿಂದ ಕಳಚಿಕೊಂಡದ್ದು ಸದ್ದಿಲ್ಲದೆ. ಆಲೂಗಡ್ಡೆಯ ಮೂಟೆ ಬಿಚ್ಚಿ ಸುರಿದಂತೆ ಉರುಳುತ್ತ ಬಂತು. ಅದರ ಹೊಟ್ಟೆಯೆಲ್ಲ ಬೇರೆ ಕಣಿವೆಗೆ ತಿರುಗಿತು. ಆ ದಿನ ಆ ಕಣಿವೆಯಲ್ಲಿದ್ದವರ ಹೆಣಗಳನ್ನು ಆಮೇಲೆ ಬಳೆ ನೋಡಿ, ಬೆಲ್ಟಿನ ಕೊಂಡಿ ನೋಡಿ ಗುರುತಿಸಿದರು. ಇವರ ಹಳ್ಳಕ್ಕೆ ಬಂದದ್ದು ಅದರ ಸೆರಗಿನ ಅಂಚು ಮಾತ್ರ. ಬೂದುಬಣ್ಣದ ಮಂದ ಹೊಗೆ, ತಗ್ಗು ಹುಡುಕಿಕೊಂಡು ನೀರಿನ ಹಾಗೆ ಹಳ್ಳದ ತಳಕ್ಕಿಳಿಯಿತು. ತಳದಲ್ಲಿ ಉಲಿನಾ ಇದ್ದಳು. ಅಜ್ಜನ ಉತ್ತರ ಹೊತ್ತು ಬರುತ್ತಿದ್ದಳು.

ಮಾಲೆಮ್ನಾಳ ಕಾಲಿನಲ್ಲಿ ಬೂಟಿತ್ತು. ಅವಳು ಜಾರಿ ಇಳಿದಳು. ಕಾಣದೆ, ಉಸಿರು ಬಿಗಿಹಿಡಿದು, ತಡವಿ ತಡವಿ ಹುಡುಗಿಯ ಜಡೆ ಹಿಡಿದಳು, ಎತ್ತಿ ಹೆಗಲಿಗೆ ಹಾಕಿದಳು. ಬೂಟಿನ ಅಟ್ಟೆ ಕರಗಿ ನೆಲಕ್ಕೆ ಅಂಟುತ್ತಿತ್ತು. ದಂಡೆ ಹತ್ತಲು ಆಗಲಿಲ್ಲ. ಒಂದು ಕೈಯಲ್ಲಿ ಹುಡುಗಿ, ಇನ್ನೊಂದು ಕೈಗೆ ಹಿಡಿಯಲು ಏನೂ ಇಲ್ಲ. ಅಷ್ಟರಲ್ಲಿ ಮೇಲಿನಿಂದ ಏನೋ ಚಾಚಿ ಬಂತು. ಮಾವ ಆಚೆ ದಂಡೆಯ ಅಂಚಿಗೆ ಬೋರಲು ಮಲಗಿದ್ದ. ಅವನು ಚಾಚಿದ್ದು ಕೈಯನ್ನಲ್ಲ, ಗುದ್ದಲಿಯ ಕಾವನ್ನು. ಅವಳು ಕಾವನ್ನು ಹಿಡಿದು ಮೇಲೆ ಬಂದಳು.

ಹುಡುಗಿ ಬದುಕಿದಳು. ಮೊಣಕಾಲಿನಿಂದ ಕೆಳಗೆ ಚರ್ಮ ಉಳಿದಿರಲಿಲ್ಲ. ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚುವಾಗಲೆಲ್ಲ ಅವಳು ಅಮ್ಮನ ತೋಳನ್ನು ಕಚ್ಚುತ್ತಿದ್ದಳು. ಆ ಹಲ್ಲಿನ ಗುರುತುಗಳನ್ನು ಮಾಲೆಮ್ನಾ ತೋಳಿನ ಬಟ್ಟೆ ಇಳಿಸಿ ಮುಚ್ಚಿಕೊಂಡಳು. ಹಾಸಿಗೆ ಬೇರೆಯವರಿಗೆ ಬೇಕಾದಾಗ ಇವರನ್ನು ಛತ್ರಕ್ಕೆ ಕಳಿಸಿದರು. ಈಗ ಅವಳ ಬೆಳಗಿನ ಕೆಲಸಗಳಿಗೆ ಪಟ್ಟಿಗಳನ್ನು ಕುದಿಸಿ ಒಣಗಿಸುವುದು, ಗಾಯಕ್ಕೆ ಬೂದಿ ಬೀಳದಂತೆ ಸೊಳ್ಳೆಪರದೆ ಬಿಗಿಯುವುದು ಸೇರಿಕೊಂಡವು. ಅಂದು ಅಜ್ಜ ಹೇಳಿಕಳಿಸಿದ ಉತ್ತರ ಏನಾಗಿತ್ತೆಂದು ಅವಳು ಮಗಳನ್ನು ಕೇಳಲಿಲ್ಲ. ಕೇಳದಿದ್ದರೂ ಹುಡುಗಿ ಒಂದು ದಿನ ತಾನಾಗಿ ಹೇಳಿದಳು.

"ಅಮ್ಮಾ, ನಾನು ಹೇಳೋಕೇ ಆಗ್ಲಿಲ್ಲ ಅಲ್ವಾ. ಅಜ್ಜ ಆಯ್ತು ಅಂದಿದ್ರು."

ಇಷ್ಟೇ. ಆಯ್ತು ಎಂಬ ಒಂದು ಮಾತು.

ಕಾಫಿ ಅಂಗಡಿಯಲ್ಲಿ ಮಾತ್ರ ಬೇರೊಂದು ಕತೆ ಬೆಳೆಯುತ್ತಿತ್ತು. ಛತ್ರದ ಹಿಂದೆ ಪಾತ್ರೆ ತೊಳೆಯುವ ಕಟ್ಟೆಗೆ ಅಂಗಡಿಯ ಮಾತೆಲ್ಲ ಕೇಳುತ್ತದೆ.

"ಪ್ರಾಣ ಹೋಗೋ ಹೊತ್ತಲ್ಲೂ ತೆರ್ಕೆಲಿನ್ ಕೈ ಕೊಡಲಿಲ್ಲ ಕಣಯ್ಯಾ. ಗುದ್ದಲಿ ಕಾವು ಕೊಟ್ಟ. ಹಳೇ ಕಾಲದ ಮನುಷ್ಯ ಅಂದ್ರೆ ಹಾಗಿರ್ಬೇಕು."

"ಸೊಸೆನೂ ಅಷ್ಟೇ. ಕಾವನ್ನೇ ಹಿಡಿದ್ಲು. ಸಾಂಗಪ್, ನಿನ್ನ ಪುಣ್ಯ. ಹ್ಞೂಂ, ನಿನ್ನ ಕುದುರೆ ಹೋಯ್ತು ನೋಡು."

ನೊರ್ಮಾ ಬೂದಿ ಹಚ್ಚಿ ಬಾಣಲೆ ತಿಕ್ಕುತ್ತಿದ್ದವಳು ಬಾಯೊಳಗಿನ ಹೊಗೆಸೊಪ್ಪನ್ನು ಉಗಿದಳು. "ಕೇಳಿದ್ಯಾ? ನಿನ್ನ ಮಗಳ ಕಾಲು ಬೆಂದಿದ್ದು ಬಿಟ್ಟು ಮಿಕ್ಕಿದ್ದೆಲ್ಲ ಚೆನ್ನಾಗಿ ನೆನಪಿದೆ ಇವರಿಗೆ."

ಮಾಲೆಮ್ನಾ ಮುಂದಿನ ಪಾತ್ರೆ ಎತ್ತಿಕೊಂಡಳು. ತಾನೂ ಆ ಕಾವನ್ನೇ ಹಿಡಿದಳಲ್ಲ ಎಂಬುದು ಅವಳನ್ನು ಮೀನಿನ ಮುಳ್ಳಿನಂತೆ ಚುಚ್ಚುತ್ತಿತ್ತು.

ಪಟ್ಟಿಗಳು ಸಣ್ಣವಾಗುತ್ತ ಬಂದವು. ಹುಡುಗಿ ನಿಲ್ಲಲಾರಳು, ಮೊಣಕೈ ಊರಿ ತೆವಳುತ್ತಿದ್ದಳು. ಒಂದು ಸಂಜೆ ಸಾಂಗಪ್ ಊಟದ ಹೊತ್ತಿಗೆ ಮೊದಲೇ ಬಂದು, ಫ್ಲಾಸ್ಕಿನಿಂದ ನೀರು ಬಗ್ಗಿಸಿಕೊಳ್ಳುತ್ತ, ಬೇರೆ ಯಾರದೋ ವಿಷಯದಂತೆ ಹೇಳಿದ.

"ಅಪ್ಪ ಮತ್ತೆ ಹೋಗ್ಬೇಕು ಅಂತಿದ್ದಾರೆ. ಬೆಟ್ಟ ಈಗ ತಣ್ಣಗಿದೆ. ಮೇಲೆ ಹಳ್ಳೀಲೇ ಇರ್ತಾರಂತೆ, ಕಾಫಿ ಹಣ್ಣು ಬಿಡಿಸಿ ಮುಗಿಯೋವರೆಗೆ. ಅಡಿಗೆಗೆ ನೀನು ಬೇಕು."

"ಮತ್ತೆ ಉಲಿನಾ?"

"ಅವಳೂ ಬರ್ಬೇಕಲ್ಲ. ನೀವಿಬ್ರೇ ಒಂದೇ ಸೂರಿನಡಿ ಇದ್ರೆ ಜನ ಏನಂತಾರೆ? ಬೆನ್ನಿಗೆ ಕಟ್ಕೊಂಡು ಹೋಗು. ಮಲಗೇ ಇರ್ತಾಳೆ. ಮಾತು ದಾಟಿಸೋಕೆ ಕಾಲು ಬೇಕಾ?"

"ನೀನು ಬಾ. ನಿಮ್ಮಪ್ಪನ ಹತ್ರ ನೀನು ಮಾತಾಡು. ನಾನು ಬೇಯಿಸಿ ಹಾಕ್ತೀನಿ."

"ನನಗೆ ಸಮಿತಿ ಇದೆ."

"ಸಮಿತಿಗೆ ಕಾಲು ಬೇಕಾ?"

ಸಾಂಗಪ್ ಅವಳನ್ನು ನೋಡಿದ. "ನಾಲಿಗೆ ಉದ್ದ ಆಯ್ತು ನಿಂದು, ಆಸ್ಪತ್ರೆಯಿಂದ ಬಂದ ಮೇಲೆ," ಎಂದು ಲೋಟ ಅಲ್ಲೇ ಬಿಟ್ಟು ಹೊರಟ. "ಸೋಮವಾರ ಅಂತ ಅಪ್ಪನಿಗೆ ಹೇಳಿ ಆಗಿದೆ."

ಅವನು ಹೋದ ಮೇಲೆ ಮಾಲೆಮ್ನಾ ಲೋಟ ತೊಳೆದಿಟ್ಟಳು. ಅನ್ನ ಬಡಿಸಿದಳು. ಮರಗೆಣಸಿನ ಸೊಪ್ಪಿನ ಪಲ್ಯ, ಒಂದು ತುಂಡು ಮೀನು. ಮಾವನ ತಟ್ಟೆಯನ್ನು ಕಂಬದ ಬುಡದಲ್ಲಿಟ್ಟಳು. ಮುದುಕ ಇಳಿಬಿಟ್ಟ ಬಟ್ಟೆಯ ಆಚೆ, ಎರಡು ಚಾಪೆಗಳ ದೂರದಲ್ಲಿ ಬೆನ್ನು ಹಾಕಿ ಕೂತಿದ್ದ. ಬೆಟ್ಟದ ಆ ದಿನದಿಂದ ಅವನು ಕುಗ್ಗಿದ್ದ, ಕರೆಯದೆ ಊಟಕ್ಕೆ ಬರುತ್ತಿರಲಿಲ್ಲ.

"ಅಜ್ಜನಿಗೆ ಹೇಳು, ಊಟ ಆರುತ್ತೆ ಅಂತ." ಅವಳ ಬಾಯಿಂದ ಅದು ಉಸಿರಿನಂತೆ ಬಂತು.

ಪರದೆಯೊಳಗೆ ಮಲಗಿದ್ದ ಉಲಿನಾ ಮಗ್ಗುಲಾದಳು. ಮೊಣಕೈ ಊರಿದಳು. ಪರದೆ ಎತ್ತಿ, ಸುತ್ತಿದ ಕಾಲುಗಳನ್ನು ಹಿಂದೆ ಎಳೆದುಕೊಳ್ಳುತ್ತ, ಮೊದಲ ಚಾಪೆ ದಾಟಿದಳು, ನಿಂತು ಉಸಿರು ತೆಗೆದುಕೊಂಡಳು, ಎರಡನೆಯದನ್ನು ದಾಟಿದಳು. ಬಟ್ಟೆಯ ಅಂಚು ಸರಿಸಿದಳು.

"ಅಜ್ಜಾ, ಅಮ್ಮ ಹೇಳ್ತಾಳೆ, ಊಟ ಆರುತ್ತೆ."

"ಬಂದೆ ಅಂತ ಹೇಳು. ಸೋಮವಾರಕ್ಕೆ ಅಕ್ಕಿ ಕಟ್ಟೋಕೂ ಹೇಳು. ನಿನ್ನ ಹೊದಿಕೆನೂ."

ಹುಡುಗಿ ಹಾಗೆಯೇ ತಿರುಗಿದಳು. ಅದೇ ಎರಡು ಚಾಪೆ. ಅವಳ ಮೇಲ್ತುಟಿಯ ಮೇಲೆ ಬೆವರಿತ್ತು. ಅಮ್ಮನ ಮಡಿಲ ಹತ್ತಿರ ಬಂದು, ಪಾಠ ಒಪ್ಪಿಸುವವಳ ಹಾಗೆ, ಒಂದು ಮಾತೂ ಬಿಡದೆ ಹೇಳಿದಳು. "ಬಂದೆ ಅಂತೆ. ಸೋಮವಾರಕ್ಕೆ ಅಕ್ಕಿ ಕಟ್ಟಬೇಕಂತೆ. ನನ್ನ ಹೊದಿಕೆನೂ."

ಮಾಲೆಮ್ನಾ ಮಗಳನ್ನೇ ನೋಡಿದಳು. ಎಡಗಾಲಿನ ಪಟ್ಟಿ ಸರಿದು ಚಾಪೆಯ ಮೇಲೆ ಒದ್ದೆಯ ಗೆರೆ ಎಳೆದಿತ್ತು. ಹುಡುಗಿ ಅಳುತ್ತಿರಲಿಲ್ಲ. ಉತ್ತರವೇನಾದರೂ ಇದೆಯೇ ಎಂದು ಕಾಯುತ್ತಿದ್ದಳು. ಇದ್ದರೆ ಮತ್ತೆ ಹೋಗಲು ಅವಳ ಮೊಣಕೈ ಆಗಲೇ ನೆಲದ ಮೇಲಿತ್ತು.

"ನೊರ್ಮಾ," ಎಂದು ಮಾಲೆಮ್ನಾ ಕರೆದಳು. "ಇವಳನ್ನ ನಿನ್ನ ಹತ್ರ ಮಲಗಿಸ್ಕೋ. ಪಟ್ಟಿ ಬದಲಾಯಿಸು."

ನೊರ್ಮಾ ಹುಡುಗಿಯನ್ನು ಎತ್ತಿಕೊಂಡು ಹೋದಳು.

ಛತ್ರದಲ್ಲಿ ಊಟದ ಹೊತ್ತು, ನೂರಾರು ಜನರ ಗದ್ದಲ. ಪಕ್ಕದ ಸಾಲಿನಲ್ಲಿ ಚರ್ಚಿನ ಹಿರಿಯ, ಎದುರಿಗೆ ಸಾಂಗಪ್‌ನ ಅಕ್ಕ, ಆಕೆಯ ಗಂಡನ ಮನೆಯವರು. ನಾಳೆ ಇವರೆಲ್ಲರ ಬಾಯಲ್ಲಿ ತನ್ನ ಹೆಸರು ಏನಾಗುತ್ತದೆ ಎಂದು ಮಾಲೆಮ್ನಾಗೆ ಗೊತ್ತಿತ್ತು. ತವರಿನವರನ್ನು ಕರೆಸುತ್ತಾರೆ, ತಲೆ ತಗ್ಗಿಸಿ ಕೂರಿಸುತ್ತಾರೆ. ಸಾಂಗಪ್ ಹೊಡೆಯಲೂಬಹುದು. ಅವಳು ಕಂಬದ ಬುಡದ ತಟ್ಟೆಯನ್ನು ಎತ್ತಿಕೊಂಡಳು. ಇಳಿಬಿಟ್ಟ ಬಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಮಾವ ಕೂತಿದ್ದ ಚಾಪೆಯ ಮೇಲೆಯೇ, ಅವನ ಎದುರಿಗೆ ಕೂತಳು.

ಹತ್ತಿರದ ಸಾಲು ತುತ್ತು ಬಿಟ್ಟು ಇತ್ತ ತಿರುಗಿತು. ಆಮೇಲೆ ಅದರಾಚೆಯ ಸಾಲು.

"ಮಾವ," ಎಂದಳು. ಆ ಶಬ್ದವನ್ನು ಅವಳು ಎಂದೂ ಆಡಿರಲಿಲ್ಲ. ಯಾರದೋ ಬಾಯಿಂದ ಬಂದಂತೆ ಕೇಳಿಸಿತು. "ಸೋಮವಾರ ಹುಡುಗಿ ಬೆಟ್ಟ ಹತ್ತಲ್ಲ. ನಾನೂ ಹತ್ತಲ್ಲ."

ಮುದುಕ ಮುಖ ತಿರುಗಿಸಿದ. ಅವನ ಕೈ ಚಾಪೆಯ ಅಂಚಿನಲ್ಲಿ ಏನನ್ನೋ ತಡಕಾಡಿತು. ಕಣ್ಣು ಚಾಪೆ ಚಾಪೆಗಳ ಮೇಲೆ ಓಡಿ ಹುಡುಗಿಯನ್ನು ಹುಡುಕಿತು.

"ಉಲಿನಾ ಎಲ್ಲಿ," ಎಂದು ಅವನು ಕಂಬವನ್ನು ಕೇಳಿದ.

"ಅವಳು ಬರಲ್ಲ," ಎಂದಳು ಮಾಲೆಮ್ನಾ, ತಟ್ಟೆಯನ್ನು ಅವನತ್ತ ಚಾಚಿ ಹಿಡಿದು. "ಏನಿದ್ರೂ ನನಗೇ ಹೇಳಿ."